ಗುಜರಿಯವನು ಬೇಡ ಅಂದ ಚೆಂಡುಗಳು

ನಮ್ಮೂರಿಗೆ ಬರುವ ಗುಜರಿ ಗಾಡಿಯವನಿಗೆ ಬೇಡ ಅನ್ನುವ ಪದವೇ ಗೊತ್ತಿಲ್ಲವೇನೋ ಅಂತ ಎಷ್ಟೋ ಸಲ ಅನ್ನಿಸಿದೆ. ತುಕ್ಕು ಹಿಡಿದ ಗುದ್ದಲಿ, ಹರಿದ ಪುಸ್ತಕ, ಒಡೆದ ಬಿಂದಿಗೆ, ಕಾಲಿಲ್ಲದ ಕುರ್ಚಿ, ಹಾಲಿನ ಕವರ್, ಬೀರ್ ಬಾಟ್ಲು.. ಎಲ್ಲದಕ್ಕೂ ಅವನ ಬಳಿ ಒಂದು ರೇಟಿದೆ. ಕಡಿಮೆ ಇರಬಹುದು, ಆದರೆ ಇದೆ. ಅಂಥವನೂ ಮುಟ್ಟದ ಒಂದು ಜಾತಿಯ ಸಾಮಾನು ಇದೆ. ಮಿರಮಿರ ಹೊಳೆಯುವ ಪ್ಲಾಸ್ಟಿಕ್ ಚೆಂಡು, ಚಮಕಿ ಹಾರ, ಥರ್ಮೋಕೋಲ್ ತುಂಡು, ಮಿಂಚುವ ಗಿಫ್ಟ್ ಪೇಪರ್, ಇವೆಲ್ಲ ಕೂತು ಬಂದ ತೆಳ್ಳನೆಯ ಪಾರದರ್ಶಕ ಡಬ್ಬಿ. ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದು ಓಡಲ್ಲ ಸಾರ್" ಅಂತ ವಾಪಸ್ ಕೊಡುತ್ತಾನೆ.

ಅಲಂಕಾರದ ಸಾಮಾನು ಯಾವತ್ತಿನಿಂದ ಹೀಗೆ "ಓಡದ" ಸಾಮಾನಾಯಿತು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಸ್ವಲ್ಪ ಓದಿದೆ, ಸ್ವಲ್ಪ ಸುತ್ತಾಡಿದೆ, ಮನೆಯ ಹಿರಿಯರ ತಲೆ ತಿಂದೆ. ಆಗ ಕಂಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮೂರಿನ ಬಗ್ಗೆ ಎರಡು ಮಾತು. ಕೋಡಿಹಳ್ಳಿ ಅಂದ ಕೂಡಲೇ ಬೆಂಗಳೂರಿನವರಿಗೆ ಹಳೇ ಏರ್‌ಪೋರ್ಟ್ ರಸ್ತೆ ನೆನಪಾಗುತ್ತೆ. ಅದಲ್ಲ ಸ್ವಾಮಿ, ನಮ್ಮದು ಕನಕಪುರ ತಾಲ್ಲೂಕಿನ ಹೋಬಳಿ ಕೋಡಿಹಳ್ಳಿ. ರಾಗಿ ಮತ್ತು ಹಿಪ್ಪುನೇರಳೆ ಸೀಮೆ. ಕೂತ ಜಾಗ ಬಿಟ್ಟು ಕದಲದೆ ನಾವು ಜಿಲ್ಲೆ ಬದಲಾಯಿಸಿದವರು: 1986ರವರೆಗೆ ಬೆಂಗಳೂರು, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ :) ಊರು ಮಾತ್ರ ಅಲ್ಲೇ ಇದೆ.

ಇಲ್ಲಿಗೆ ಕ್ರಿಸ್‌ಮಸ್ ಚೆಂಡು ಹೇಗೆ ಬಂತು ಅಂತ ಕೇಳಬಹುದು. ಬೆಂಗಳೂರಿನಿಂದಲೇ. ನಮ್ಮ ಚಿಕ್ಕಮ್ಮನ ಮಗಳು ಕೆಲಸ ಮಾಡುವ ಕಡೆ ಡಿಸೆಂಬರ್‌ನಲ್ಲಿ ಪ್ಲಾಸ್ಟಿಕ್ ಮರ ನಿಲ್ಲಿಸಿ ಅಲಂಕಾರ ಮಾಡುತ್ತಾರೆ, ಜನವರಿ ಮೊದಲ ವಾರ ಎಲ್ಲವನ್ನೂ ಕಸಕ್ಕೆ ಹಾಕುತ್ತಾರೆ. ಅವಳು ಹಳ್ಳಿಯಲ್ಲಿ ಬೆಳೆದ ಹುಡುಗಿ, ಹೊಟ್ಟೆ ಉರಿದು ಚೀಲಕ್ಕೆ ತುಂಬಿಕೊಂಡು ಊರಿಗೆ ತರುತ್ತಾಳೆ. ಇಲ್ಲಿ ಅವು ಜಾತಿ ಮತ ನೋಡದೆ ದುಡಿಯುತ್ತವೆ. ವರಮಹಾಲಕ್ಷ್ಮಿ ಮಂಟಪಕ್ಕೆ, ಗಣೇಶನ ಪೆಂಡಾಲಿಗೆ, ಮಗುವಿನ ಹುಟ್ಟಿದ ಹಬ್ಬಕ್ಕೆ, ಆಯುಧಪೂಜೆ ದಿನ ಟ್ರ್ಯಾಕ್ಟರ್ ಮೂತಿಗೆ. ಒಂದು ವರ್ಷ ನಮ್ಮ ಬೀದಿಯ ಟ್ರ್ಯಾಕ್ಟರ್ ಸಾಂತಾಕ್ಲಾಸ್ ಗಂಟೆ ಕಟ್ಟಿಕೊಂಡೇ ಬೂದುಗುಂಬಳಕಾಯಿ ಒಡೆಸಿಕೊಂಡಿತು!

ಆಮೇಲೆ? ಬಣ್ಣ ಸುಲಿಯುತ್ತೆ, ಒಂದು ಕಡೆ ಸೀಳು ಬಿಡುತ್ತೆ, ಮೂಲೆ ಸೇರುತ್ತೆ, ಕೊನೆಗೆ ತಿಪ್ಪೆಗೆ ಹೋಗುತ್ತೆ. ತಿಪ್ಪೆ ಅಂದರೆ ಹಳ್ಳಿಯಲ್ಲಿ ಕಸದ ಕೊನೆಯಲ್ಲ, ಹೊಲದ ಮೊದಲು. ಗೊಬ್ಬರದ ಜೊತೆ ಆ ಚೂರುಗಳೂ ಗಾಡಿ ಹತ್ತಿ ರಾಗಿ ಹೊಲಕ್ಕೆ ಹೋಗುತ್ತವೆ. ನೇಗಿಲ ಸಾಲಿನಲ್ಲಿ ಕೆಂಪಗೆ ಬಂಗಾರದಂತೆ ಮಿಣುಕುವ ಪುಡಿ, ಮಳೆ ಬಂದಾಗ ಬದುವಿನ ಅಂಚಿಗೆ ತೇಲಿ ನಿಲ್ಲುವ ಥರ್ಮೋಕೋಲ್ ಕಾಳು. ಬಿಸಿಲಿಗೆ ಬಿಟ್ಟ ದನ ಚಮಕಿ ಹಾರದಲ್ಲಿ ಸಿಕ್ಕಿದ ಬಾಳೆಲೆ ತಿನ್ನಲು ಹೋಗಿ ಹಾರವನ್ನೂ ನುಂಗುತ್ತೆ. ಕೆಲವರು ಇದೆಲ್ಲ ತಾಪತ್ರಯವೇ ಬೇಡ ಅಂತ ಬೆಂಕಿ ಹಚ್ಚುತ್ತಾರೆ. ಅದು ಇನ್ನೂ ಕೆಟ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಗಾಜಿನ ಚೆಂಡಿನ ಕತೆ

ಈ ಚೆಂಡುಗಳು ಹುಟ್ಟುವಾಗ ಪ್ಲಾಸ್ಟಿಕ್ ಆಗಿರಲಿಲ್ಲ. ಜರ್ಮನಿಯ ತುರಿಂಗಿಯಾ ಗುಡ್ಡಗಾಡಿನಲ್ಲಿ ಲೌಶಾ ಅಂತ ಒಂದು ಊರಿದೆ. ಗಾಜು ಊದುವವರ ಊರು. 19ನೇ ಶತಮಾನದ ನಡುವಿನಲ್ಲಿ ಅಲ್ಲಿನ ಮನೆಗಳಲ್ಲಿ ಗಾಜಿನ ಗುಂಡುಗಳನ್ನು ಊದಿ ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಕಸುಬು ಬೆಳೆಯಿತು. ಗಂಡಸರು ಊದುವುದು, ಹೆಂಗಸರು ಮಕ್ಕಳು ಒಳಗೆ ಬೆಳ್ಳಿ ಬಣ್ಣದ ದ್ರಾವಣ ಹುಯ್ದು ಕುಲುಕಿ ಹೊಳಪು ಕೊಡುವುದು, ಹೊರಗೆ ಬಣ್ಣ ಬಳಿಯುವುದು. ನಮ್ಮ ಚನ್ನಪಟ್ಟಣದ ಗೊಂಬೆ ಮನೆಗಳ ಹಾಗೆ ಇಡೀ ಸಂಸಾರ ಕೂತು ಮಾಡುವ ಕೆಲಸ. 1880ರ ದಶಕದಿಂದ ಅಮೆರಿಕದ ವುಲ್‌ವರ್ತ್ ಅಂಗಡಿಗಳು ಇವನ್ನು ತರಿಸಿ ಮಾರಿ ಲೋಕಪ್ರಸಿದ್ಧ ಮಾಡಿದವು.

ಎರಡನೇ ಮಹಾಯುದ್ಧ ಶುರುವಾಗಿ ಜರ್ಮನಿಯ ಮಾಲು ನಿಂತಾಗ ಅಮೆರಿಕದವರು ಏನು ಮಾಡಿದರು ಗೊತ್ತಾ? ಕಾರ್ನಿಂಗ್ ಕಂಪನಿಯಲ್ಲಿ ವಿದ್ಯುತ್ ಬಲ್ಬ್‌ನ ಗಾಜು ಊದುವ ಯಂತ್ರವೊಂದಿತ್ತು. ಅದರಲ್ಲೇ ಕ್ರಿಸ್‌ಮಸ್ ಗುಂಡು ಊದಿದರು. ಯುದ್ಧ ಜೋರಾಗಿ ಲೋಹಕ್ಕೆ ತತ್ವಾರ ಬಂದಾಗ ಒಳಗಿನ ಬೆಳ್ಳಿ ಹೊಳಪು ಬಿಟ್ಟು ಬರೀ ಬಣ್ಣದ ಗೆರೆ ಎಳೆದರು, ತಗಡಿನ ಟೋಪಿ ಇದ್ದ ಕಡೆ ರಟ್ಟಿನ ಟೋಪಿ ಹಾಕಿದರು. ಆ ರಟ್ಟಿನ ಟೋಪಿಯ ಗುಂಡುಗಳನ್ನು ಇವತ್ತಿಗೂ ಜನ ಹುಡುಕಿ ಕೂಡಿಡುತ್ತಾರೆ.

ಗಾಜು ಕೈತಪ್ಪಿ ಬಿದ್ದರೆ ಮುಗಿಯಿತು. ವಿಚಿತ್ರ ಅಂದರೆ, ಒಡೆಯುವ ಚೆಂಡನ್ನು ಜನ ಮೂರು ತಲೆಮಾರು ಇಟ್ಟುಕೊಂಡರು. ಬಿದ್ದರೂ ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ ಚೆಂಡನ್ನು ಮೂರು ವಾರಕ್ಕೆ ಎಸೆಯುತ್ತಿದ್ದೇವೆ. ಒಡೆದೀತು ಅನ್ನುವ ಭಯವಿದ್ದದ್ದಕ್ಕೇ ಅದನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರು ಅನ್ನಿಸುತ್ತೆ.

ಇವತ್ತಿನ ಚೆಂಡು ಬಹುಮಟ್ಟಿಗೆ ಪಾಲಿಸ್ಟೈರೀನ್ ಅನ್ನುವ ಗಡುಸು ಪ್ಲಾಸ್ಟಿಕ್. ಗಾಳಿ ತೆಗೆದ ಕೋಣೆಯೊಳಗೆ ಅಲ್ಯೂಮಿನಿಯಂ ಅನ್ನು ಆವಿ ಮಾಡಿ ಅದರ ಮೈಗೆ ಕೂರಿಸುತ್ತಾರೆ. ಆ ಲೋಹದ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅದನ್ನು ಕೆರೆದು ತೆಗೆದು ಯಾರಿಗೂ ಏನೂ ಗಿಟ್ಟುವುದಿಲ್ಲ. ಪ್ಲಾಸ್ಟಿಕ್ ಕರಗಿಸೋಣ ಅಂದರೆ ಬಣ್ಣ, ಲೋಹ, ಅಂಟು, ಮಿಂಚಿನ ಪುಡಿ ಎಲ್ಲ ಬೆರಕೆ. ಗುಜರಿಯವನ "ಓಡಲ್ಲ" ಅನ್ನುವ ಮಾತಿನ ಹಿಂದಿರುವ ಲೆಕ್ಕ ಇಷ್ಟೇ.

ಜರಿಗೆ ರೇಟಿತ್ತು, ಚಮಕಿಗೆ ಇಲ್ಲ

ಈಗ ಚಮಕಿ ಹಾರಕ್ಕೆ ಬನ್ನಿ. ಯುರೋಪಿನಲ್ಲಿ ಮರಕ್ಕೆ ಇಳಿಬಿಡುತ್ತಿದ್ದ ಹೊಳೆಯುವ ಎಳೆ ಮೊದಲು ಬೆಳ್ಳಿಯದ್ದು. ತಂತಿ ಎಳೆದು, ಚಪ್ಪಟೆ ತಟ್ಟಿ, ಸಣ್ಣಗೆ ಸೀಳಿದ್ದು. ಬೆಳ್ಳಿ ದುಬಾರಿಯಾಗಿ ಬೇರೆ ಬೇರೆ ಲೋಹ ಬಂದವು, ಸೀಸವೂ ಬಂತು. ಸೀಸ ಮಕ್ಕಳಿಗೆ ವಿಷ ಅಂತ 1970ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಅದನ್ನು ಬಿಟ್ಟರು. ಆ ಜಾಗಕ್ಕೆ ಪಿವಿಸಿ ಅನ್ನುವ ಪ್ಲಾಸ್ಟಿಕ್ ಹಾಳೆಯ ಎಳೆ ಗಟ್ಟಿಯಾಗಿ ಕೂತಿತು.

ತಂತಿ ಎಳೆದು ಚಪ್ಪಟೆ ತಟ್ಟುವುದು.. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಜರಿ! ಬೆಳ್ಳಿ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆ ನೂಲಿಗೆ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟರೆ ಜರಿ. ನಮ್ಮ ಸರ್ಕಾರಿ ಕೆಎಸ್‌ಐಸಿಯ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ. ಹಿಂದೆ "ಹಳೇ ಜರಿ ಸೀರೇ.." ಅಂತ ಕೂಗಿಕೊಂಡು ಬರುತ್ತಿದ್ದವರು ನಿಮಗೂ ನೆನಪಿರಬಹುದು. ಸೀರೆ ಪಿಸಿದು ಹೋದರೂ ಜರಿಯಂಚಿಗೆ ಬೆಲೆ ಕಟ್ಟಿ ಸ್ಟೀಲ್ ಪಾತ್ರೆ ಕೊಡುತ್ತಿದ್ದರು. ಆ ಅಂಚನ್ನು ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಯಾವ ಅಜ್ಜಿಯ ಮದುವೆ ಸೀರೆ ಯಾರ ಕಾಲುಂಗುರ ಆಯಿತೋ ಶಿವನೇ ಬಲ್ಲ.

ಆ ಕಾಲದಲ್ಲಿ ಯಾರೂ ಪರಿಸರದ ಮಾತಾಡಲಿಲ್ಲ, ಮರುಬಳಕೆ ಅನ್ನುವ ಪದವೂ ಬೇಕಿರಲಿಲ್ಲ. ಹೊಳಪಿನ ಒಳಗೆ ಹುರುಳಿತ್ತು, ಹಾಗಾಗಿ ಅದು ತಾನಾಗೇ ಮತ್ತೆ ಮಾರುಕಟ್ಟೆಗೆ ಬರುತ್ತಿತ್ತು. ಈಗ ಹೊಳಪನ್ನು ಮಾತ್ರ ಬೇರೆ ಮಾಡಿ ಮಾರುತ್ತಿದ್ದಾರೆ. ನೋಡಲು ಜರಿ, ತಕ್ಕಡಿಯಲ್ಲಿ ಸೊನ್ನೆ.

ಅರಗು: ಪ್ಲಾಸ್ಟಿಕ್‌ಗೂ ಹಿಂದಿನ ಪ್ಲಾಸ್ಟಿಕ್

ಹಾಗಂತ ಬೆಲೆಬಾಳುವ ಲೋಹ ಇದ್ದರೆ ಮಾತ್ರ ವಸ್ತು ಉಳಿಯುತ್ತಾ? ಇಲ್ಲ. ನಮ್ಮ ಪಕ್ಕದ ಚನ್ನಪಟ್ಟಣ ನೋಡಿ.

ಚನ್ನಪಟ್ಟಣದ ಗೊಂಬೆ ಟಿಪ್ಪು ಸುಲ್ತಾನ್ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತು ಅನ್ನುವುದು ಊರಿನ ನಂಬಿಕೆ. ಆಮೇಲೆ ಬಾವಸ್ ಮಿಯಾ ಅನ್ನುವವರು ಜಪಾನಿನ ಗೊಂಬೆ ಕೆಲಸ ನೋಡಿಕೊಂಡು ಇಲ್ಲಿನವರಿಗೆ ಹೊಸ ದಾರಿ ತೋರಿಸಿದರು ಅಂತ ಅವರನ್ನು ಈಗಲೂ ನೆನೆಯುತ್ತಾರೆ. ಹಾಲೆ ಮರದ ತುಂಡನ್ನು ತಿರುಗಣಿಗೆ ಕಚ್ಚಿಸಿ, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತೆ. ಆಮೇಲೆ ಕೇದಿಗೆ ಜಾತಿಯ ಗಿಡದ ಎಲೆಯಿಂದ ಉಜ್ಜಿ ಮೆರುಗು. 2005-06ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2015ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಚನ್ನಪಟ್ಟಣದ ಗೊಂಬೆ.

ಅರಗು ಅಂದರೆ ಒಂದು ಜಾತಿಯ ಸಣ್ಣ ಕೀಟ ಮರದ ರೆಂಬೆಯ ಮೇಲೆ ಸುರಿಸುವ ಅಂಟು. ಬಿಸಿ ಮಾಡಿದರೆ ಮೆತ್ತಗೆ, ಆರಿದರೆ ಗಟ್ಟಿ, ಮತ್ತೆ ಬಿಸಿ ಮಾಡಿದರೆ ಮತ್ತೆ ಮೆತ್ತಗೆ. ಇದೇ ತಾನೇ ಪ್ಲಾಸ್ಟಿಕ್‌ನ ಗುಣ! ಹಳೇ ಗ್ರಾಮಫೋನ್ ತಟ್ಟೆಗಳನ್ನು ಸುಮಾರು 1950ರ ದಶಕದವರೆಗೂ ಅರಗು ಬೆರೆಸಿಯೇ ಮಾಡುತ್ತಿದ್ದರು, ಅದರ ಬಹುಪಾಲು ಅರಗು ಹೋಗುತ್ತಿದ್ದದ್ದು ಇಂಡಿಯಾದಿಂದ. ಅದರ ಜಾಗಕ್ಕೆ ಬಂದದ್ದು ಯಾವುದು? ಚಮಕಿ ಹಾರಕ್ಕೂ ಬಂದ ಅದೇ ಪಿವಿಸಿ. ಹಾಡಿನ ತಟ್ಟೆಯಿಂದಲೂ ಹೊಳಪಿನ ಎಳೆಯಿಂದಲೂ ಹಳಬರನ್ನು ಎಬ್ಬಿಸಿದವನು ಒಬ್ಬನೇ ಆಸಾಮಿ.

ಚನ್ನಪಟ್ಟಣದ ಕೆಲಸದಲ್ಲಿ ದೊಡ್ಡ ತುಂಡಿನಿಂದ ಗೊಂಬೆ, ಉಳಿದ ಸಣ್ಣ ತುಂಡಿನಿಂದ ಮಣಿ, ಉಂಗುರ, ಗಿಲಕಿಯ ಬಳೆ. ತಿರುಗಣಿಯಿಂದ ಸುರುಳಿ ಸುರುಳಿಯಾಗಿ ಬೀಳುವ ಹೊಟ್ಟು ಒಲೆಗೆ. ಮರಕ್ಕೆ ಚಿನ್ನದ ಬೆಲೆ ಇಲ್ಲ. ಆದರೆ ಕೆಲಸದ ಕೈ ಅಲ್ಲೇ ಪಕ್ಕದಲ್ಲಿತ್ತು. ತುಂಡು ನೋಡಿದ ಕೂಡಲೇ ಇದರಿಂದ ಏನಾಗುತ್ತೆ ಅಂತ ಗೊತ್ತಿದ್ದ ಕೈ. ಈಗ ಅಲ್ಲಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಮರದ ಗಂಟೆ, ಗುಂಡು, ನಕ್ಷತ್ರಗಳನ್ನೂ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ನಮ್ಮ ಜಿಲ್ಲೆಯ ಮರದ ಗುಂಡು ಪರದೇಶದ ಮರದಲ್ಲಿ ತೂಗುತ್ತಿರುವಾಗ, ಪರದೇಶದ ರೀತಿಯ ಪ್ಲಾಸ್ಟಿಕ್ ಗುಂಡು ನಮ್ಮ ತಿಪ್ಪೆಯಲ್ಲಿ!

ತೂತಾದ ಗೂಡಿಗೂ ಕೆಲಸ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದವರಿಗೆ ಗೊತ್ತು, ಇಲ್ಲಿ ಗೂಡು ಅಂದರೆ ದುಡ್ಡು. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಬೇಕು. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ಒಂದೇ ಎಳೆಯ ನೂಲು ಸಿಗುವುದಿಲ್ಲ. ಆದರೆ ಮೊಟ್ಟೆ ಬೇಕಾದರೆ ಚಿಟ್ಟೆ ಬರಲೇಬೇಕು. ಹಾಗಾಗಿ ಬಿತ್ತನೆ ಕೋಠಿಗಳಲ್ಲಿ ತೂತಾದ ಗೂಡು ರಾಶಿ ರಾಶಿ.

ಅದನ್ನು ಎಸೆದರಾ? ಇಲ್ಲ. ತೂತಾದ ಗೂಡು, ತೊಟ್ಟಿಯಲ್ಲಿ ಉಳಿದ ಸಿಕ್ಕು ನೂಲು, ಇವನ್ನು ಹತ್ತಿಯ ಹಾಗೆ ಹಿಂಜಿ ನೂತರೆ ಬೇರೆ ತರದ ರೇಷ್ಮೆ ನೂಲಾಗುತ್ತೆ. ಈ ಕೆಲಸಕ್ಕೆಂದೇ ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ, ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಮಿಲ್ ಶುರುವಾಯಿತು. ಯೋಚನೆ ಮಾಡಿ, ಬರೀ ಉಳಿಕೆಯನ್ನೇ ನಂಬಿ ಒಂದು ಕಾರ್ಖಾನೆ! ಮಿಲ್ಲಿಗೆ ಹೋಗದೆ ಉಳಿದ ಗೂಡನ್ನು ಕತ್ತರಿಸಿ ಎಸಳು ಮಾಡಿ, ಬಣ್ಣಕ್ಕೆ ಅದ್ದಿ, ದಾರಕ್ಕೆ ಪೋಣಿಸಿದರೆ ಹಾರ. ರೇಷ್ಮೆ ಇಲಾಖೆಯ ಸಮಾರಂಭಗಳಲ್ಲಿ ಮಂತ್ರಿಗಳ ಕೊರಳಿಗೆ ಬೀಳುವ ಗೂಡಿನ ಹಾರ ನೀವು ಪೇಪರ್ ಫೋಟೋದಲ್ಲಿ ನೋಡಿರುತ್ತೀರಿ. ಬಾಡುವುದಿಲ್ಲ, ವರ್ಷಗಟ್ಟಲೆ ಗೋಡೆಗೆ ತೂಗುಹಾಕಬಹುದು.

ಇನ್ನೊಂದು ಉದಾಹರಣೆ ಚಂದ್ರಿಕೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲವಾದ ತಟ್ಟಿ. ಹಳೆಯದಾದ ಚಂದ್ರಿಕೆ ನಮ್ಮಲ್ಲಿ ಕೊಟ್ಟಿಗೆಗೆ ಮರೆಯಾಗುತ್ತಿತ್ತು, ಕೋಳಿಮರಿಗೆ ಕಾವಲಾಗುತ್ತಿತ್ತು, ಕೊನೆಗೆ ಒಲೆಗೆ ಸೌದೆಯಾಗುತ್ತಿತ್ತು. ಈಗ ಅನೇಕ ಕಡೆ ಅದರ ಜಾಗಕ್ಕೆ ಮಡಚುವ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ಇಲ್ಲಿ ಒಂದು ವಿಷಯ ಗಮನಿಸಿ. ನೇತ್ರಿಕೆಯೂ ಪ್ಲಾಸ್ಟಿಕ್ಕೇ. ಆದರೆ ಅದನ್ನು ಯಾರೂ ಒಂದು ಬೆಳೆಗೆ ಎಸೆಯಲ್ಲ. ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಒಣಗಿಸಿ, ಮಡಚಿ, ಅಟ್ಟಕ್ಕೆ ಏರಿಸಿ ಮುಂದಿನ ಬೆಳೆಗೆ ಇಳಿಸುತ್ತಾರೆ. ಅದೇ ಮನೆ, ಅದೇ ಜನ, ಅದೇ ಪ್ಲಾಸ್ಟಿಕ್. ಕಸುಬಿನ ಸಾಮಾನು ಅಂದುಕೊಂಡರೆ ಹತ್ತಾರು ಬೆಳೆ ಬಾಳುತ್ತೆ, ಅಲಂಕಾರ ಅಂದುಕೊಂಡರೆ ಒಂದು ಸಂಜೆ.

ಗಾಲಿ ಹಳೇದು, ಬಟ್ಟೆ ಹೊಸದು

ನಾನು ಹುಡುಕುತ್ತಿದ್ದ ಉತ್ತರದ ಎಳೆ ಸಿಕ್ಕಿದ್ದು ನಮ್ಮ ತಾಲ್ಲೂಕಿನ ಹಾರೋಬೆಲೆಯ ಕಡೆಯಿಂದ. ಹಾರೋಬೆಲೆ ಕ್ರೈಸ್ತರೇ ಹೆಚ್ಚಾಗಿರುವ ಹಳೆಯ ಹಳ್ಳಿ. ಅಲ್ಲಿ ಯೇಸುವಿನ ಪಾಡಿನ ಕತೆಯನ್ನು ಕನ್ನಡದಲ್ಲಿ ನಾಟಕ ಆಡುವ ಪದ್ಧತಿಗೆ ನೂರು ವರ್ಷ ಮೀರಿದೆ. ನಮ್ಮ ಸೀಮೆಯ ಕ್ರೈಸ್ತರ ಮನೆಗಳ ಗೋದಲಿ ನೋಡಿದ್ದೀರಾ? ಹುಲ್ಲಿನ ಚಾವಣಿ, ಮಣ್ಣಿನ ಹಸು ಕುರಿ. ಕೆಲವರು ಬುಟ್ಟಿಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಅದನ್ನೇ ಹಸಿರು ಹೊಲ ಮಾಡುತ್ತಾರೆ. ಇಟಲಿಯ ಗ್ರೆಚ್ಚೋ ಊರಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಶುರು ಮಾಡಿದ ಗೋದಲಿ, ರಾಗಿ ಸೀಮೆಗೆ ಬಂದು ರಾಗಿ ಪೈರನ್ನು ಹೊದ್ದುಕೊಂಡಿತು.

ಇನ್ನು ನಕ್ಷತ್ರ. ಮನೆ ಮುಂದೆ ತೂಗುವ ಕಾಗದದ ನಕ್ಷತ್ರ ದೀಪಕ್ಕೂ ಒಂದು ಮೂಲವಿದೆ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನ ಮೊರೇವಿಯನ್ ಶಾಲೆಯಲ್ಲಿ ಹುಡುಗರಿಗೆ ರೇಖಾಗಣಿತ ಹೇಳಿಕೊಡಲು ಮಾಡಿದ ನಕ್ಷತ್ರವದು ಅನ್ನುತ್ತಾರೆ. ನಮ್ಮಲ್ಲಿ ಅದು ಬಿದಿರು ಸೀಳಿನ ಚೌಕಟ್ಟಾಯಿತು, ಮೇಲೆ ಬಣ್ಣದ ಕಾಗದ, ಒಳಗೆ ದೀಪ. ಹಬ್ಬ ಮುಗಿದ ಮೇಲೆ ಕಾಗದ ಹರಿದು ಹೋಗುತ್ತೆ. ಚೌಕಟ್ಟು ಮಾತ್ರ ಅಟ್ಟಕ್ಕೆ. ಮುಂದಿನ ವರ್ಷ ಹೊಸ ಕಾಗದ.

ಇದು ನಮ್ಮೂರ ತೇರಿನ ಪದ್ಧತಿಯೇ ಅಲ್ಲವಾ! ತೇರಿನ ಗಾಲಿ, ಅಚ್ಚು, ಮರದ ಪೀಠ ವರ್ಷಾನುಗಟ್ಟಲೆ ಹಳೇದು. ಮೇಲಿನ ಬಟ್ಟೆ, ಬಾವುಟ, ಹೂವು, ಬಾಳೆಕಂದು ಆಯಾ ವರ್ಷದ್ದು. ಜನರಿಗೆ ಪ್ರತಿ ವರ್ಷವೂ ಹೊಸ ತೇರು ನೋಡಿದ ಸಂಭ್ರಮ, ಊರಿಗೆ ಮಾತ್ರ ಒಂದೇ ತೇರು.

ಅಜ್ಜಿಯರು ಹಳೇ ಮೊರ, ಬುಟ್ಟಿ ಮಾಡುತ್ತಿದ್ದದ್ದೂ ಇದೇ. ಬಿದಿರು ಸವೆದು ಸಂದು ಬಿಟ್ಟಾಗ ಹಳೇ ಕಾಗದವನ್ನು ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಆ ಹಿಟ್ಟನ್ನು ಬುಟ್ಟಿಗೆ ಬಳಿದು ಒಣಗಿಸುತ್ತಿದ್ದರು. ನನ್ನ ಮೂರನೇ ಕ್ಲಾಸಿನ ನೋಟ್‌ಬುಕ್ಕು ಹಾಗೇ ಬೇಳೆ ಬುಟ್ಟಿಯಾಗಿ ಎಷ್ಟೋ ವರ್ಷ ಅಡುಗೆಮನೆಯಲ್ಲಿ ಇತ್ತು. "ಎಸೀಬ್ಯಾಡ ಕಣ್ ಮಗ, ಒಳ್ಗಡೆ ಗಟ್ಟಿ ಅದೆ" ಅನ್ನುತ್ತಿದ್ದಳು ನಮ್ಮಜ್ಜಿ. ಒಳಗಡೆ ಗಟ್ಟಿ ಇದ್ದರೆ ಹೊರಗಡೆಯದ್ದು ಬದಲಾಯಿಸಿದರಾಯಿತು.

ಪ್ಲಾಸ್ಟಿಕ್ ಚೆಂಡಿಗೂ ಇದೇ ಸೂತ್ರ ಹೊಂದುತ್ತೆ ಅಂತ ನನಗನ್ನಿಸಿದೆ. ನಾವು ಅದನ್ನು ಬಟ್ಟೆ ಅಂದುಕೊಂಡು ಎಸೆಯುತ್ತಿದ್ದೇವೆ. ಅದು ಗಾಲಿ. ಬಣ್ಣ ಹೋದರೂ ಗುಂಡಗೆ ಇದೆ, ಹಗುರ ಇದೆ, ಬೇಗ ಕೊಳೆಯಲ್ಲ. ಹೊಲಕ್ಕೆ ಹೋದರೆ ಅದೇ ಅದರ ದೋಷ, ಮನೆಯಲ್ಲಿ ಉಳಿದರೆ ಅದೇ ಅದರ ಗುಣ.

ನಮ್ಮ ಮನೆಯಲ್ಲಿ ಮಾಡಿ ನೋಡಿದ್ದು

ಬಣ್ಣ ಸುಲಿದ ಚೆಂಡಿಗೆ ಮೊದಲು ಸೀಮೆಎಣ್ಣೆ, ಥಿನ್ನರ್, ಘಾಟು ವಾಸನೆಯ ಅಂಟು, ಸ್ಪ್ರೇ ಪೇಂಟ್ ಹತ್ತಿರ ತರಬೇಡಿ. ಇಂಥ ದ್ರಾವಕಗಳಿಗೆ ಪಾಲಿಸ್ಟೈರೀನ್ ಕರಗುತ್ತೆ ಇಲ್ಲವೇ ಬಿರಿಯುತ್ತೆ. ಹಳೇ ಪೇಪರನ್ನು ಬೆರಳಗಲ ಪಟ್ಟಿ ಹರಿದು ಮೈದಾ ಅಂಟಿನಲ್ಲಿ ಅದ್ದಿ ಚೆಂಡಿನ ಸುತ್ತಲೂ ಎರಡು ಮೂರು ಸುತ್ತು ಹಾಕಿ. ನುಣುಪಾದ ಮೈಗೆ ಅಂಟು ಸರಿಯಾಗಿ ಹಿಡಿಯದಿದ್ದರೂ ಪರವಾಗಿಲ್ಲ, ಒಣಗಿದ ಕಾಗದ ತಾನೇ ಚಿಪ್ಪಿನ ಹಾಗೆ ಬಿಗಿದುಕೊಳ್ಳುತ್ತೆ. ಮೆಂತ್ಯ ಹಾಕಿ ರುಬ್ಬಿದ ಕಾಗದದ ಹಿಟ್ಟಾದರೆ ಇನ್ನೂ ಚೆನ್ನ. ಅದರ ಮೇಲೆ ತೂತಾದ ಗೂಡಿನ ಎಸಳು, ಹಳೇ ಸೀರೆಯ ಅಂಚು, ಉಳಿದ ಊಲನ್ ದಾರ, ನಿಮ್ಮ ಕೈಗೆ ಸಿಕ್ಕಿದ್ದು. ಮುಂದಿನ ವರ್ಷ ಬೇಸರವಾದರೆ ನೀರಲ್ಲಿ ನೆನೆಸಿ ಸಿಪ್ಪೆ ತೆಗೆದು ಬೇರೆ ಉಡುಪು ಹಾಕಿ. ಗೂಡಿನ ಎಸಳಿನ ಚೆಂಡು ನಮ್ಮ ಮನೆಯ ದಸರಾ ಬೊಂಬೆ ಸಾಲಿನಲ್ಲಿ ನವಿಲಿನ ಪಕ್ಕ ಕೂತು ಬಂದವರೆಲ್ಲ "ಎಲ್ಲಿ ತಗೊಂಡ್ರಿ?" ಅಂತ ಕೇಳುವ ಹಾಗಾಯಿತು :)

ಚೆಂಡುಗಳು ಬಂದ ಕುಳಿ ಕುಳಿ ಪ್ಲಾಸ್ಟಿಕ್ ತಟ್ಟೆಯನ್ನು ಎಸೆಯಬೇಡಿ. ಚೆಂಡು ಇಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಚೆಂಡು ಇಲ್ಲದಿದ್ದರೆ ಪುಟ್ಟ ಬೊಂಬೆಗಳು, ಮಣಿ, ಗುಂಡಿ, ತರಕಾರಿ ಬೀಜ. ತಳಕ್ಕೆ ತೂತು ಹಾಕಿದರೆ ಚೆಂಡುಹೂವಿನ ಸಸಿ ಎಬ್ಬಿಸಬಹುದು. ಗೋದಲಿಗೆ ರಾಗಿ ಮೊಳಕೆಯನ್ನೂ! ಗುಳ್ಳೆ ಗುಳ್ಳೆ ಪ್ಯಾಕಿಂಗ್ ಹಾಳೆಯನ್ನು ಮಕ್ಕಳು ಟಪಟಪ ಒಡೆಯುವ ಮುಂಚೆ ಕಸಿದುಕೊಂಡು ಬೊಂಬೆಗಳಿಗೆ ಸುತ್ತಿ. ಪಟ್ಟದ ಗೊಂಬೆಗೆ ಮಾತ್ರ ಹಳೇ ಪಂಚೆಯೇ ಸರಿ, ಮರಕ್ಕೆ ಗಾಳಿ ಆಡಬೇಕು.

ಪಿವಿಸಿ ಚಮಕಿ ಹಾರ ಉದುರಲು ಶುರುವಾದರೆ ಮೂರು ಹಾರ ಸೇರಿಸಿ ಜಡೆ ಹೆಣೆದುಬಿಡಿ, ಉದುರುವುದು ಕಡಿಮೆಯಾಗುತ್ತೆ. ದೀಪದ ಹತ್ತಿರ ಬೇಡ, ದನ ಓಡಾಡುವ ಕಡೆ ಬೇಡ, ತಿನ್ನುವ ಪದಾರ್ಥದ ಹತ್ತಿರವೂ ಬೇಡ. ಹಕ್ಕಿ ಓಡಿಸಲು ಹಳೇ ಕ್ಯಾಸೆಟ್ ಟೇಪು ಕಟ್ಟುತ್ತಿದ್ದ ಹಾಗೆ ಹೊಲಕ್ಕೆ ಚೆಂಡು ಕಟ್ಟಬಹುದಲ್ಲ ಅಂತ ಗೆಳೆಯನೊಬ್ಬ ಕೇಳಿದ. ಕಟ್ಟಬಹುದು, ಆದರೆ ಬಿಸಿಲಿಗೆ ಈ ಪ್ಲಾಸ್ಟಿಕ್ ಬೇಗ ಪೆಳಸಾಗಿ ಪುಡಿ ಉದುರುತ್ತೆ. ತಿಪ್ಪೆಯಿಂದ ತಪ್ಪಿಸಿ ನೇರವಾಗಿ ಹೊಲಕ್ಕೇ ಹಾಕಿದ ಹಾಗೆ. ಹಾಗಾಗಿ ಬೇಡ ಅಂದೆ.

ಮತ್ತೆ, ದಯವಿಟ್ಟು ಸುಡಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತೆ. ತಿಪ್ಪೆಯ ಮಂದ ಬೆಂಕಿಯಲ್ಲಿ ಡಯಾಕ್ಸಿನ್ ಅನ್ನುವ ಕ್ಯಾನ್ಸರ್‌ಕಾರಕ ವಿಷಗಳೂ ಹುಟ್ಟುತ್ತವೆ. ಥರ್ಮೋಕೋಲ್ ಮತ್ತು ಚೆಂಡು ಕಪ್ಪು ಮಸಿ ಕಾರುತ್ತವೆ. ಜರಿ ಸುಟ್ಟರೆ ಬೆಳ್ಳಿ ಉಳಿಯುತ್ತಿತ್ತು, ಇದನ್ನು ಸುಟ್ಟರೆ ಪಕ್ಕದ ಮನೆಯ ಮಗುವಿಗೆ ಕೆಮ್ಮು.

ಕಾನೂನು ಇಲ್ವಾ ಅಂದರೆ, ಇದೆ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ಬಾವುಟ, ತೋರಣ, ತಟ್ಟೆ ಲೋಟ, ಥರ್ಮೋಕೋಲ್ ಸಾಮಾನುಗಳ ಮೇಲೆ ನಿಷೇಧ ಹೊರಡಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಸಿಹಿ ಡಬ್ಬಿ ಮತ್ತು ಆಹ್ವಾನ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಎಲ್ಲಕ್ಕೂ ನಿಷೇಧ ಬಂತು. ಆ ದೇಶದ ಪಟ್ಟಿಯಲ್ಲಿ ಈ ಹೊಳೆಯುವ ಚೆಂಡಿನ ಹೆಸರಿಲ್ಲ. ಒಂದು ಸಲ ಬಳಸುವ ವಸ್ತು ಅಂತ ಅದನ್ನು ಯಾರೂ ಕರೆಯಲಿಲ್ಲ, ಹಾಗೆ ಮಾಡಿಕೊಂಡವರು ನಾವೇ.

ಇನ್ನೊಂದು ಮಾತು. ಹೊಸದಾಗಿ ಕೊಳ್ಳುವುದೇ ಆದರೆ ಚನ್ನಪಟ್ಟಣದಲ್ಲಿ ಒಂದು ಡಜನ್ ಮರದ ಗುಂಡು ಕೊಳ್ಳಿ. ಪ್ಲಾಸ್ಟಿಕ್‌ಗಿಂತ ದುಬಾರಿ, ನಿಜ. ಆದರೆ ಬಣ್ಣ ಹೋದರೆ ಮತ್ತೆ ತಿರುಗಣಿಗೆ ಕೊಟ್ಟು ಅರಗು ಹಚ್ಚಿಸುವ ಕೈ ಅದೇ ಊರಲ್ಲಿದೆ. ಆ ಕೈ ಉಳಿಯಬೇಕಾದರೆ ಅದಕ್ಕೂ ವರ್ಷಕ್ಕೊಂದು ಹಬ್ಬ ಬೇಕಲ್ಲ.

ನಿಮ್ಮ ಕಡೆ ಹೇಗೆ? ಕರಾವಳಿಯವರು, ಉತ್ತರ ಕರ್ನಾಟಕದವರು, ದೂರದ ದೇಶದಲ್ಲಿ ಮರ ನಿಲ್ಲಿಸುವವರು, ನಿಮ್ಮ ಮನೆಯ ಟ್ರಂಕಿನಲ್ಲಿ ಹಬ್ಬದಿಂದ ಹಬ್ಬಕ್ಕೆ ಉಳಿದು ಬಂದ ಅತಿ ಹಳೆಯ ಅಲಂಕಾರ ಯಾ��ುದು? ಬಳೆಚೂರನ್ನು ಮೇಣದಬತ್ತಿಗೆ ಹಿಡಿದು ಬಗ್ಗಿಸಿ ಸರ ಮಾಡಿದವರು ಯಾರಾದರೂ ಇದ್ದೀರಾ? ಬರೆದು ತಿಳಿಸಿ. ನಮ್ಮ ಮಕ್ಕಳಿಗೆ ತೋರಿಸಿ ಮಾಡಿಸಬೇಕು ಅಂತಿದ್ದೇನೆ, ಡಿಸೆಂಬರ್ ರಜಕ್ಕೆ ಅವರ ಕೈಗೂ ಕೆಲಸ ಬೇಕು.